ಪಿಕಪ್ ಬೆನ್ನೇರಿದ ಮನೆ

1960ನೇ ಇಸವಿಯ ಕೊನೆಯ ತಿಂಗಳುಗಳು. ಅಮೆರಿಕದ ಪಶ್ಚಿಮ ಅಂಚಿನ ಆರೆಗನ್ ರಾಜ್ಯ. ಭಾನುವಾರ, ಜೊತೆಗೆ ಬಿಡದ ಮಳೆ. ಹೊರಟಿದ್ದ ಒಂದು ಪಿಕಪ್‌ನ ಹಿಂದಿನ ಟೈರು ಢಮಾರ್ ಎಂದು ಒಡೆಯಿತು. 58 ವರ್ಷದ ಚಾಲಕ ಕೆಸರಿನಲ್ಲಿ ಒದ್ದಾಡಿ ಸ್ಟೆಪ್ನಿ ಹಾಕಿದರು. ನೋಡಿದರೆ ಇನ್ನೊಂದು ಟೈರೂ ಊದಿಕೊಂಡು ಒಡೆಯುವ ಹಾಗಿತ್ತು. ತೆವಳುತ್ತಾ ಹೋಗಿ ಒಂದು ಪೆಟ್ರೋಲ್ ಬಂಕ್ ಸೇರಿದರು. ನೋಡಲು ಒರಟನಂತಿದ್ದ ಬಂಕಿನವನು ಭಾನುವಾರ ಎನ್ನದೆ ಅಲ್ಲಿ ಇಲ್ಲಿ ಫೋನ್ ಮಾಡಿ, ಹೆಚ್ಚು ಭಾರ ಹೊರುವ ಟೈರುಗಳನ್ನು ತರಿಸಿಕೊಟ್ಟ.

ಆ ಚಾಲಕರ ಹೆಸರು ಜಾನ್ ಸ್ಟೈನ್‌ಬೆಕ್. ಎರಡು ವರ್ಷದ ನಂತರ ಅವರಿಗೆ ಸಾಹಿತ್ಯದ ನೊಬೆಲ್ ಬಂತು. ಆ ಬಂಕಿನವನು ಸಾವಿರ ವರ್ಷ ಬಾಳಲಿ ಎಂಬರ್ಥದ ಮಾತನ್ನು ಅವರು ತಮ್ಮ ಪ್ರವಾಸದ ಪುಸ್ತಕದಲ್ಲಿ ಬರೆದಿದ್ದಾರೆ.

ಟೈರು ಒಡೆದದ್ದಕ್ಕೆ ಮಳೆ ಕಾರಣವಲ್ಲ, ರಸ್ತೆಯೂ ಅಲ್ಲ. ಪಿಕಪ್‌ನ ಬೆನ್ನ ಮೇಲೆ ಒಂದು ಮನೆ ಕೂತಿತ್ತು. ಹಾಸಿಗೆ, ಒಲೆ, ಮೇಜು, ಕಿಟಕಿ ಎಲ್ಲ ಇದ್ದ ಮನೆ. ಅದರೊಳಗೆ ಸ್ಟೈನ್‌ಬೆಕ್ ಅಗತ್ಯಕ್ಕಿಂತ ಬಹಳ ಹೆಚ್ಚು ಸಾಮಾನು ತುಂಬಿದ್ದರು.

ಇದಕ್ಕೆ ಅಮೆರಿಕದಲ್ಲಿ ‘ಟ್ರಕ್ ಕ್ಯಾಂಪರ್’ ಎನ್ನುತ್ತಾರೆ. ಯೂಟ್ಯೂಬಿನಲ್ಲಿ ನೀವು ನೋಡಿರಬಹುದು. ಕಾರಿನ ಹಿಂದೆ ಎಳೆದುಕೊಂಡು ಹೋಗುವ ಗಾಲಿಮನೆ ಬೇರೆ, ಬಸ್ಸಿನಂತೆ ಕಟ್ಟಿದ ಕ್ಯಾರವಾನ್ ಬೇರೆ. ಇದು ಪಿಕಪ್‌ನ ಹಿಂದಿನ ಬಾಡಿಯೊಳಗೆ ಡ್ರಾಯರ್ ತಳ್ಳಿದ ಹಾಗೆ ಕೂರುವ ಪೆಟ್ಟಿಗೆಮನೆ. ಅದರ ಮೂತಿ ಡ್ರೈವರ್ ತಲೆಯ ಮೇಲಕ್ಕೆ ಚಾಚಿಕೊಂಡಿರುತ್ತದೆ, ಮಲಗುವ ಜಾಗ ಅಲ್ಲಿ. ಬೇಕಾದಾಗ ಕೂರಿಸಿ, ಬೇಡವಾದಾಗ ಇಳಿಸಿಟ್ಟು, ಅದೇ ಪಿಕಪ್‌ನಲ್ಲಿ ಹುಲ್ಲು, ಗೊಬ್ಬರ ಹೊಡೆಯಬಹುದು. ರೈತರಿಗೂ ಬೇಟೆಗೆ ಹೋಗುವವರಿಗೂ ಇದು ಹಿಡಿಸಿದ್ದಕ್ಕೆ ಕಾರಣವೇ ಅದು.

ಆದರೆ ಮನೆಯನ್ನು ಗಾಡಿಯ ಮೇಲೆ ಕೂರಿಸುವುದು, ಕೂತದ್ದು ಅಲುಗದ ಹಾಗೆ ನಿಲ್ಲಿಸುವುದು ಸುಲಭದ ಕೆಲಸವಲ್ಲ. ಈ ಪೆಟ್ಟಿಗೆಯ ಚರಿತ್ರೆ ಬಹುಪಾಲು ಈ ಎರಡು ಕೆಲಸಗಳ ಚರಿತ್ರೆ. ಇನ್ನೊಂದು ಎಳೆಯೂ ಇದೆ: ಮನೆ ಹೊತ್ತ ಗಾಡಿಯನ್ನು ಎಲ್ಲಿ ನಿಲ್ಲಿಸಬಹುದು, ಯಾರು ನಿಲ್ಲಿಸಬಹುದು ಎಂಬುದು. ಅದನ್ನು ಬಿಟ್ಟು ಬರೀ ಜಾಕು, ಸ್ಪ್ರಿಂಗಿನ ಮಾತಾಡಿದರೆ ಅರ್ಧ ಕತೆ ಹೇಳಿದ ಹಾಗೆ ಆಗುತ್ತದೆ.

ಮೊದಲು ಭಾರದ ವಿಷಯ. ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ನಾವು ಹೇಳಿಕೊಡಬೇಕಿಲ್ಲ. ಹುಲ್ಲು ಹೇರುವಾಗ ಹಿಂದಕ್ಕೆ ಭಾರ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ನೊಗ ಎತ್ತಿನ ಕೊರಳನ್ನು ಎಳೆಯುತ್ತದೆ. ಮುಂದಕ್ಕೆ ಹೆಚ್ಚಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಭಾರದ ನಡುಬಿಂದು ಅಚ್ಚಿನಿಂದ ತುಸುವೇ ಮುಂದೆ ಇರಬೇಕು. ಪಿಕಪ್‌ಗೂ ಇದೇ ಲೆಕ್ಕ. ಪೆಟ್ಟಿಗೆಯ ಭಾರದ ನಡುಬಿಂದು ಹಿಂದಿನ ಆಕ್ಸೆಲ್ ದಾಟಿ ಹಿಂದಕ್ಕೆ ಹೋದರೆ ಮುಂದಿನ ಗಾಲಿಗಳು ಹಗುರವಾಗುತ್ತವೆ. ಸ್ಟೇರಿಂಗ್ ತಿರುಗಿಸಿದರೂ ಗಾಡಿ ಸರಿಯಾಗಿ ತಿರುಗುವುದಿಲ್ಲ, ಬ್ರೇಕ್ ಹಿಡಿದರೆ ಮುಂದಿನ ಟೈರಿಗೆ ನೆಲದ ಹಿಡಿತ ಸಾಲುವುದಿಲ್ಲ. ಎತ್ತಾದರೆ ನಿಂತು ತಿರುಗಿ ನೋಡುತ್ತದೆ. ಪಿಕಪ್ ನೋಡುವುದಿಲ್ಲ.

ಗಾಡಿಗಿಲ್ಲದ ಇನ್ನೊಂದು ಕಷ್ಟ ಪಿಕಪ್‌ಗಿದೆ, ಅದು ಎತ್ತರ ಮತ್ತು ವೇಗ. ಗಂಟೆಗೆ 90 ಕಿಲೋಮೀಟರ್ ಓಡುವಾಗ ಪಕ್ಕದಲ್ಲಿ ದೊಡ್ಡ ಲಾರಿಯೊಂದು ಹಾದುಹೋದರೆ ಅದರ ಗಾಳಿಗೇ ಎತ್ತರದ ಪೆಟ್ಟಿಗೆ ಓಲಾಡುತ್ತದೆ. ಬಲಕ್ಕೆ ವಾಲಿ, ಎಡಕ್ಕೆ ವಾಲಿ, ಮತ್ತೆ ಬಲಕ್ಕೆ. ತಿರುವಿನಲ್ಲಿ ಇದೇ ಓಲಾಟ ಗಾಡಿಯನ್ನು ಮಗುಚಬಲ್ಲದು.

ಈಗ ಹಿಂದಕ್ಕೆ ಹೋಗೋಣ. ಫೋರ್ಡ್ ಕಂಪನಿ 1925ರಲ್ಲಿ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ಹಿಂದಿನ ಬಾಡಿ ಕೂರಿಸಿ ಮಾರಲು ಶುರು ಮಾಡಿತು. ಬೆಲೆ 281 ಡಾಲರ್. ಅದಕ್ಕೆ ಮೊದಲೂ ಅಲ್ಲಿನ ರೈತರು ಕಾರಿನ ಹಿಂಭಾಗ ಕುಯ್ದು ಹಲಗೆ ಬಡಿದು ಸಾಗಣೆ ಗಾಡಿ ಮಾಡಿಕೊಳ್ಳುತ್ತಿದ್ದರು. ಫೋರ್ಡ್ ಮಾಡಿದ್ದು ಆ ಹಳ್ಳಿಯ ಉಪಾಯಕ್ಕೆ ಕಾರ್ಖಾನೆಯ ಬಣ್ಣ ಬಳಿದದ್ದು ಎಂದು ನಮಗನ್ನಿಸುತ್ತದೆ.

ಮುಂದಿನ ದಶಕ ಬರಗಾಲದ್ದು. ಓಕ್ಲಹೋಮ, ಟೆಕ್ಸಸ್, ಕ್ಯಾನ್ಸಸ್ ಬಯಲುಗಳಲ್ಲಿ ಹುಲ್ಲುಗಾವಲು ಕಿತ್ತು ಗೋಧಿ ಬಿತ್ತಿದ್ದರು. ಮಳೆ ಕೈಕೊಟ್ಟಿತು, ಬೇರಿಲ್ಲದ ಮಣ್ಣು ಗಾಳಿಗೆ ಎದ್ದು ಹಗಲನ್ನೇ ಕತ್ತಲು ಮಾಡಿತು. ಸಾಲ ತೀರಿಸಲಾಗದೆ, ಗೇಣಿ ಕಳೆದುಕೊಂಡು ಲಕ್ಷಾಂತರ ಜನ ಊರು ಬಿಟ್ಟರು. ಬಹಳ ಮಂದಿ ಹೊರಟದ್ದು ಕ್ಯಾಲಿಫೋರ್ನಿಯಾಕ್ಕೆ, ಹಣ್ಣು ಬಿಡಿಸುವ, ಹತ್ತಿ ಕೀಳುವ ಕೂಲಿಗೆ. ಹಳೇ ಕಾರು, ಲಾರಿಗಳ ಮೇಲೆ ಹಾಸಿಗೆ, ಪಾತ್ರೆ, ಒಲೆ, ಮುದುಕರು, ಮಕ್ಕಳು. ಮೇಲೊಂದು ಟಾರ್ಪಾಲು. ಟ್ರಕ್ ಕ್ಯಾಂಪರ್‌ನ ವಂಶಾವಳಿ ಬರೆಯುವವರು ಸಾಮಾನ್ಯವಾಗಿ ಬೇಟೆಗಾರರಿಂದ ಶುರು ಮಾಡುತ್ತಾರೆ. ನಾವು ಈ ಟಾರ್ಪಾಲಿನಿಂದಲೇ ಶುರು ಮಾಡುವುದು ನ್ಯಾಯ ಎನ್ನುತ್ತೇವೆ. ವಾಹನದ ಬೆನ್ನ ಮೇಲೆ ಮನೆ ಹೊತ್ತು ಆ ರಸ್ತೆಗಳಲ್ಲಿ ಲಕ್ಷಗಟ್ಟಲೆ ಸಂಖ್ಯೆಯಲ್ಲಿ ಓಡಾಡಿದವರು ಮೊದಲು ಇವರೇ.

ಇವರಿಗೆ ಸಿಕ್ಕ ಸ್ವಾಗತ ಹೇಗಿತ್ತು? 1936ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸ್ ನಗರದ ಪೊಲೀಸ್ ಮುಖ್ಯಸ್ಥ ಜೇಮ್ಸ್ ಡೇವಿಸ್ ತನ್ನ 136 ಪೊಲೀಸರನ್ನು ಕ್ಯಾಲಿಫೋರ್ನಿಯಾ ರಾಜ್ಯದ ಗಡಿಗಳಿಗೆ ಕಳಿಸಿದ. ನಗರದಿಂದ ನೂರಾರು ಮೈಲಿ ದೂರದ ಗಡಿಗೆ, ನಗರದ ಪೊಲೀಸರು! ಜೇಬಿನಲ್ಲಿ ದುಡ್ಡಿಲ್ಲದವರನ್ನು, ಕೆಲಸ ಗೊತ್ತಾಗದೆ ಬಂದವರನ್ನು ಗಡಿಯಿಂದಲೇ ವಾಪಸ್ ಕಳಿಸುವುದು ಅವರ ಕೆಲಸ. ಬಡವರನ್ನು ರಾಜ್ಯದೊಳಗೆ ಕರೆತರುವುದೇ ಅಪರಾಧ ಎನ್ನುವ ಕಾನೂನೂ ಅಲ್ಲಿತ್ತು. ತನ್ನ ಹೆಂಡತಿಯ ತಮ್ಮನನ್ನು ಟೆಕ್ಸಸ್‌ನಿಂದ ಕಾರಿನಲ್ಲಿ ಕರೆತಂದ ತಪ್ಪಿಗೆ ಎಡ್ವರ್ಡ್ಸ್ ಎಂಬಾತನಿಗೆ ಶಿಕ್ಷೆಯಾಯಿತು. ಆ ಮೊಕದ್ದಮೆ ಸುಪ್ರೀಂ ಕೋರ್ಟ್ ಮುಟ್ಟಿ, 1941ರಲ್ಲಿ ಕಾನೂನು ಬಿದ್ದುಹೋಯಿತು.

ಸ್ಟೈನ್‌ಬೆಕ್ ನಮ್ಮ ಕತೆಗೆ ಮೊದಲ ಸಲ ಬರುವುದು ಇಲ್ಲಿ. ಅದೇ 1936ರಲ್ಲಿ ‘ಸ್ಯಾನ್ ಫ್ರಾನ್ಸಿಸ್ಕೊ ನ್ಯೂಸ್’ ಪತ್ರಿಕೆ ವಲಸೆ ಕೂಲಿಗಳ ಬಗ್ಗೆ ಬರೆಯಲು ಅವರನ್ನು ಕೇಳಿತು. ಅವರು ಒಂದು ಹಳೆಯ ಬೇಕರಿ ವ್ಯಾನ್ ಹಿಡಿದು ಕಣಿವೆಯ ಹೊಲಗಳ ಅಂಚಿನ ಗುಡಿಸಲುಗಳಿಗೆ ಹೋದರು. ಬ್ರೆಡ್ ಸಾಗಿಸುವ ವ್ಯಾನೇ ಅವರ ಓಡಾಟದ ಮನೆ. ಬೇಕರ್ಸ್‌ಫೀಲ್ಡ್ ಬಳಿಯ ಆರ್ವಿನ್‌ನಲ್ಲಿ ಸರ್ಕಾರ ನಡೆಸುತ್ತಿದ್ದ ವಲಸಿಗರ ಶಿಬಿರವನ್ನು ಟಾಮ್ ಕಾಲಿನ್ಸ್ ಎಂಬವರು ನೋಡಿಕೊಳ್ಳುತ್ತಿದ್ದರು. ಅವರು ಶಿಬಿರದ ದಿನದಿನದ ವಿವರ ಬರೆದಿಡುತ್ತಿದ್ದರು, ಯಾರು ಏನು ತಿಂದರು, ಯಾವ ಮಗುವಿಗೆ ಕಾಯಿಲೆ ಎಂಬುದರವರೆಗೆ. ಆ ಕಡತಗಳು ಸ್ಟೈನ್‌ಬೆಕ್‌ಗೆ ಬಂಗಾರವಾದವು. ಅಕ್ಟೋಬರ್‌ನಲ್ಲಿ ಏಳು ಲೇಖನ ಬಂದವು. ಅದೇ ಮಣ್ಣಿನಿಂದ 1939ರಲ್ಲಿ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿ ಎದ್ದಿತು. ಅದರಲ್ಲಿ ಜೋಡ್ ಕುಟುಂಬ ಒಂದು ಹಡ್ಸನ್ ಕಾರಿನ ಹಿಂಭಾಗ ಕುಯ್ದು ಲಾರಿ ಮಾಡಿಕೊಂಡು ಹದಿಮೂರು ಜನ ಹೊರಡುತ್ತಾರೆ. ಆ ಗಾಡಿಯ ಬೇರಿಂಗ್, ಟೈರು, ಭಾರ ತಡೆದೀತೇ ಎಂಬ ಚಿಂತೆಗೆ ಲೇಖಕರು ಪುಟಗಟ್ಟಲೆ ಕೊಟ್ಟಿದ್ದಾರೆ. ಗ್ರಾಮೀಣ ಪತ್ರಿಕೋದ್ಯಮ ಓದಿದ ನಮಗೆ ಆ ಬೇಕರಿ ವ್ಯಾನಿನ ಮೇಲೆ ಸ್ವಲ್ಪ ಹೆಚ್ಚೇ ಅಕ್ಕರೆ, ಮುಚ್ಚಿಡುವುದೇಕೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಚಿತ್ರ ಬದಲಾಯಿತು. ಸೈನಿಕರು ಮನೆಗೆ ಮರಳಿದರು, ಕೈಯಲ್ಲಿ ಸ್ವಲ್ಪ ಹಣ, ರಜೆ. ಪ್ಲೈವುಡ್ ಧಾರಾಳವಾಗಿ ಸಿಗತೊಡಗಿತು. ಪ್ಲೈವುಡ್ ಹಾಳೆಯ ಅಳತೆ ನಾಲ್ಕಡಿ ಅಗಲ, ಎಂಟಡಿ ಉದ್ದ. ದೊಡ್ಡ ಪಿಕಪ್‌ನ ಹಿಂದಿನ ಬಾಡಿಯೂ ಎಂಟಡಿ ಉದ್ದ, ಗಾಲಿಗುಬ್ಬುಗಳ ನಡುವೆ ಸುಮಾರು ನಾಲ್ಕಡಿ. ಹಾಳೆ ಕುಯ್ಯದೆಯೇ ತಳ ಸಿದ್ಧ! ಊರ ಬಡಗಿಯೂ ಮಾಡಬಹುದಾದ ಪೆಟ್ಟಿಗೆ ಅದು. ವಯೋಮಿಂಗ್ ರಾಜ್ಯದ ಟಾರಿಂಗ್ಟನ್ ಊರಿನ ವಾಲ್ಟರ್ ಕಿಂಗ್, ಮಿಶಿಗನ್‌ನ ಮಾರ್ಸೆಲಸ್ ಊರಿನ ಹೊವರ್ಡ್ ಕ್ರೀ ಇವರು 1940ರ ದಶಕದಲ್ಲಿ ಇಂಥವನ್ನು ಮಾಡಿ ಮಾರಿದ ಆರಂಭದವರಲ್ಲಿ ಸೇರುತ್ತಾರೆ. ಎರಡೂ ಸಣ್ಣ ಊರುಗಳು. ಡೆಟ್ರಾಯಿಟ್‌ನ ದೊಡ್ಡ ಕಂಪನಿಗಳು ಆಗಿನ್ನೂ ಇದರ ಕಡೆ ತಿರುಗಿ ನೋಡಿರಲಿಲ್ಲ.

ಯುದ್ಧಕಾಲದಲ್ಲಿ, 1942ರಲ್ಲಿ, ಸೈನ್ಯ ಕಡಿದ ಅಲಾಸ್ಕಾ ಹೆದ್ದಾರಿ 1948ಕ್ಕೆ ಸಾರ್ವಜನಿಕರಿಗೆ ತೆರೆಯಿತು. ಕೆನಡಾ ಕಾಡಿನೊಳಗೆ ಎರಡು ಸಾವಿರ ಕಿಲೋಮೀಟರ್‌ಗೂ ಹೆಚ್ಚು ಜಲ್ಲಿ ಮತ್ತು ಕೆಸರು. ಅಲ್ಲಿ ಎಳೆಯುವ ಗಾಲಿಮನೆ ಹೂತುಹೋಗುತ್ತದೆ, ಬೆನ್ನ ಮೇಲೆ ಹೊತ್ತದ್ದು ಪಿಕಪ್ ಹೋದಲ್ಲೆಲ್ಲ ಹೋಗುತ್ತದೆ. ಡಾನ್ ಹಾಲ್ ಎಂಬವರು 1950ರ ದಶಕದಲ್ಲಿ ಮಾಡಿದ ‘ಅಲಾಸ್ಕನ್’ ಕ್ಯಾಂಪರ್ ಹೆಸರು ಪಡೆದದ್ದು ಆ ದಾರಿಯಿಂದ. ಅದರ ಜಾಣ್ಮೆ ಎಂದರೆ, ಓಡುವಾಗ ಮೇಲಿನ ಅರ್ಧ ಕೆಳಗಿನ ಅರ್ಧದ ಮೇಲೆ ಬೆಂಕಿಪೊಟ್ಟಣದ ಮುಚ್ಚಳದಂತೆ ಇಳಿದು ಕೂರುತ್ತದೆ, ನಿಲ್ಲಿಸಿದ ಮೇಲೆ ಹೈಡ್ರಾಲಿಕ್ ಪಂಪಿನಿಂದ ಮೇಲೇಳುತ್ತದೆ. ಓಡುವಾಗ ಗಿಡ್ಡ, ನಿಂತಾಗ ಎತ್ತರ. ಓಲಾಟಕ್ಕೆ ಇದಕ್ಕಿಂತ ಸರಳ ಉತ್ತರವನ್ನು ಆಮೇಲೆ ಬಂದವರೂ ಕೊಟ್ಟಿಲ್ಲ ಎನ್ನುವುದು ನಮ್ಮ ಅಭಿಪ್ರಾಯ.

ಪೆಟ್ಟಿಗೆ ಮಾಡಿದ್ದಾಯಿತು, ಕೂರಿಸುವುದು ಹೇಗೆ? ಖಾಲಿ ಪೆಟ್ಟಿಗೆಯೇ ಐದಾರು ಕ್ವಿಂಟಲ್‌ಗೂ ಮೇಲೆ ತೂಗುತ್ತದೆ, ದೊಡ್ಡದಾದರೆ ಒಂದು ಟನ್ ಮೀರುತ್ತದೆ. ನಾಲ್ಕು ಮೂಲೆಗೆ ನಾಲ್ಕು ಜಾಕ್ ಕೊಟ್ಟು, ಪೆಟ್ಟಿಗೆಯನ್ನು ಗಾಳಿಯಲ್ಲಿ ಎತ್ತಿ, ಕೆಳಗಿನಿಂದ ಪಿಕಪ್‌ ಹಿಂದಕ್ಕೆ ತರುವುದೇ ಉಪಾಯ. ಮೊದಮೊದಲು ಮುಕ್ಕಾಲು ಪೀಠದ ಬಿಡಿ ಜಾಕುಗಳು, ಆಮೇಲೆ ಪೆಟ್ಟಿಗೆಗೇ ಅಂಟಿಕೊಂಡ ತಿರುಪಿನ ಜಾಕುಗಳು, ಈಗ ಬಟನ್ ಒತ್ತಿದರೆ ಏಳುವ ಮೋಟಾರ್ ಜಾಕುಗಳು. ಜಾಕ್ ಬದಲಾಗಿದೆ, ಕ್ರಮ ಬದಲಾಗಿಲ್ಲ.

ನೆಲ ಮಟ್ಟವಾಗಿ ಗಟ್ಟಿಯಾಗಿರಬೇಕು. ಜಾಕಿನ ಪಾದದ ಕೆಳಗೆ ಹಲಗೆ ಬೇಕು, ಇಲ್ಲದಿದ್ದರೆ ಒಂದು ಮೂಲೆ ಹೂತು ಇಡೀ ಮನೆ ಓರೆಯಾಗುತ್ತದೆ. ನಾಲ್ಕೂ ಜಾಕನ್ನು ಸ್ವಲ್ಪ ಸ್ವಲ್ಪವೇ, ಸರದಿಯಲ್ಲಿ ಎತ್ತಬೇಕು. ಒಂದನ್ನೇ ಒಂದಡಿ ಎತ್ತಿಬಿಟ್ಟರೆ ಭಾರವೆಲ್ಲ ಎದುರು ಮೂಲೆಯ ಎರಡು ಜಾಕಿನ ಮೇಲೆ ಬೀಳುತ್ತದೆ. ಪೆಟ್ಟಿಗೆಯ ಮೂತಿ ಬಾಲಕ್ಕಿಂತ ತುಸು ಮೇಲಿರಲಿ ಎನ್ನುತ್ತಾರೆ, ಆಗ ಭಾರ ಮುಂದಕ್ಕೆ ಜಾರಿ ಉರುಳುವುದಿಲ್ಲ. ಆಮೇಲೆ ಪಿಕಪ್ ಹಿಮ್ಮುಖವಾಗಿ ಬರಬೇಕು. ಎರಡೂ ಪಕ್ಕ ಉಳಿಯುವುದು ಕೆಲವೇ ಬೆರಳಿನಷ್ಟು ಜಾಗ. ಒಬ್ಬರು ಓಡಿಸಿ, ಇನ್ನೊಬ್ಬರು ನಿಂತು ನೋಡಬೇಕು. ಎತ್ತಿದ ಪೆಟ್ಟಿಗೆಯ ಕೆಳಗೆ ಯಾರೂ ತಲೆ ಹಾಕಬಾರದು, ಮಕ್ಕಳಂತೂ ಹತ್ತಿರ ಸುಳಿಯಬಾರದು.

ಬಾಡಿಯ ತಳಕ್ಕೆ ದಪ್ಪ ರಬ್ಬರ್ ಹಾಸು ಹಾಕಿರುತ್ತಾರೆ. ತಗಡಿನ ಮೇಲೆ ಮರ ಜಾರುತ್ತದೆ, ರಬ್ಬರ್ ಮೇಲೆ ಜಾರುವುದಿಲ್ಲ. ಇಷ್ಟು ಅಗ್ಗದ ವಸ್ತು ಇಷ್ಟು ಕೆಲಸ ಮಾಡುವುದು ಅಪರೂಪ.

ನಂತರ ಬಿಗಿಯುವುದು. ನಮ್ಮ ಕಡೆ ಲೋಡಿಗೆ ಹಗ್ಗ ಎಳೆದು ಕಟ್ಟುವ ಹಾಗೆ ಇಲ್ಲಿ ಎರಡೂ ತುದಿಗೆ ತಿರುಪಿರುವ ಕಬ್ಬಿಣದ ಕೊಂಡಿ ಹಾಕಿ ತಿರುಗಿಸಿ ಬಿಗಿಯುತ್ತಾರೆ. ಮುಂದೆ ಎರಡು, ಹಿಂದೆ ಎರಡು. ಪ್ರಶ್ನೆ ಇದ್ದದ್ದು ಕೊಂಡಿಯ ಇನ್ನೊಂದು ತುದಿಯನ್ನು ಎಲ್ಲಿಗೆ ಸಿಕ್ಕಿಸಬೇಕು ಎಂಬುದರಲ್ಲಿ. ಬಹಳ ಮಂದಿ ಪಿಕಪ್ ಬಾಡಿಯ ತಗಡಿಗೇ ತೂತು ಕೊರೆದು ಬೋಲ್ಟ್ ಹಾಕಿದರು. ಹಳ್ಳದ ರಸ್ತೆಯಲ್ಲಿ ಪೆಟ್ಟಿಗೆ ಒಂದೊಂದು ಸಲ ಕುಲುಕಿದಾಗಲೂ ತಗಡು ಎಳೆದು, ಸುಕ್ಕಾಗಿ, ಕೊನೆಗೆ ಹರಿಯುತ್ತಿತ್ತು. ಆದ್ದರಿಂದ ಚಾಸಿಗೇ ಕಬ್ಬಿಣದ ತೋಳು ಕೂರಿಸಿ ಅದಕ್ಕೆ ಕಟ್ಟುವ ಪದ್ಧತಿ ಬಂತು. ಕೊಂಡಿಯೊಳಗೆ ಸ್ಪ್ರಿಂಗ್ ಸೇರಿಸಿದರು, ಚಾಸಿ ತಿರುಚಿದಾಗ ಅದು ಒಂದಿಷ್ಟು ಹಿಗ್ಗಿ ಕುಗ್ಗಲಿ ಎಂದು. ಕಟ್ಟಿದ ಮೇಲೆ ಹತ್ತಿಪ್ಪತ್ತು ಮೈಲಿ ಓಡಿಸಿ, ನಿಲ್ಲಿಸಿ, ಮತ್ತೆ ಬಿಗಿ ನೋಡುವುದು ಅನುಭವಿಗಳ ರೂಢಿ. ಕಬ್ಬಿನ ಲೋಡಿನ ಹಗ್ಗವನ್ನು ಮೊದಲ ಟೀ ಅಂಗಡಿಯಲ್ಲಿ ನಮ್ಮ ಡ್ರೈವರಣ್ಣಂದಿರು ಎಳೆದು ನೋಡುವುದು ಇದಕ್ಕೇ ತಾನೆ.

ಓಲಾಟ ತಗ್ಗಿಸಲು ಹಿಂದಿನ ಆಕ್ಸೆಲ್‌ಗೆ ದಪ್ಪ ಅಡ್ಡಸರಳು, ಕುಸಿತ ತಡೆಯಲು ಹೆಚ್ಚುವರಿ ಸ್ಪ್ರಿಂಗ್ ಪಟ್ಟಿ, ಇಲ್ಲವೇ ಗಾಳಿ ತುಂಬಿದ ರಬ್ಬರ್ ಚೀಲ. ಇವೆಲ್ಲ ಒಳ್ಳೆಯವೇ. ಆದರೆ ಒಂದು ಮಾತನ್ನು ಒತ್ತಿ ಹೇಳಬೇಕು. ಪಟ್ಟಿ ಸೇರಿಸಿದರೆ ಗಾಡಿ ನೆಟ್ಟಗೆ ನಿಂತ ಹಾಗೆ ಕಾಣುತ್ತದೆ, ಅಷ್ಟೆ. ಆಕ್ಸೆಲ್, ಬೇರಿಂಗ್, ಬ್ರೇಕ್, ಟೈರಿನ ತಾಕತ್ತು ಮೊದಲಿದ್ದಷ್ಟೇ ಇರುತ್ತದೆ. ಪಿಕಪ್‌ಗೆ ಎರಡು ಪ್ಲೇಟ್ ಜಾಸ್ತಿ ಹಾಕಿಸಿ ಇನ್ನು ಎಷ್ಟು ಬೇಕಾದರೂ ಹೇರಬಹುದು ಎನ್ನುವವರು ನಮ್ಮೂರುಗಳಲ್ಲೂ ಇದ್ದಾರೆ.

ಸ್ಟೈನ್‌ಬೆಕ್ ಎರಡನೇ ಸಲ ಬರುವುದು ಈ ಹಂತದಲ್ಲಿ. ಈಗ ಅವರು ಹೆಸರಾಂತ ಲೇಖಕ, ನ್ಯೂಯಾರ್ಕ್ ಬಳಿ ಸಮುದ್ರದಂಡೆಯಲ್ಲಿ ಮನೆ, ಆರೋಗ್ಯ ಕುಗ್ಗಿದೆ. ತನ್ನ ದೇಶವನ್ನೇ ತಾನು ನೋಡಿ ಎಷ್ಟೋ ವರ್ಷವಾಯಿತು ಎಂಬ ಕೊರಗು. ಮುಕ್ಕಾಲು ಟನ್ ದರ್ಜೆಯ ಹೊಸ ಜಿಎಂಸಿ ಪಿಕಪ್, ಅದರ ಮೇಲೆ ಮಿಶಿಗನ್‌ನ ವುಲ್ವರೀನ್ ಕಂಪನಿಯ ಕ್ಯಾಂಪರ್. ಡಾನ್ ಕಿಹೋಟೆಯ ಬಡಕಲು ಕುದುರೆಯ ಹೆಸರನ್ನು ಅದಕ್ಕಿಟ್ಟರು: ರೋಸಿನಾಂಟೆ. 1960ರ ಸೆಪ್ಟೆಂಬರ್ 23ರಂದು ಚಾರ್ಲಿ ಎಂಬ ನಾಯಿಯೊಡನೆ ಹೊರಟರು. ಹನ್ನೊಂದು ವಾರ, ಸುಮಾರು 10,000 ಮೈಲಿ.

ಏನೆಲ್ಲ ಹೇರಿದ್ದರು? ಟೈಪ್‌ರೈಟರ್, ಕಾಗದ, ನಿಘಂಟು, ವಿಶ್ವಕೋಶ, ಉಪಕರಣಗಳು, ಬೇಕಾದದ್ದಕ್ಕಿಂತ ಹಲವು ಪಟ್ಟು ಆಹಾರ. ಇಷ್ಟು ಸಾಲದೆಂದು, ಎಂದಾದರೂ ಓದಬೇಕು ಎಂದುಕೊಂಡು ಓದದೆ ಉಳಿದಿದ್ದ 150 ಪೌಂಡ್ ಪುಸ್ತಕ, ಅಂದರೆ 68 ಕಿಲೋ. ಬಂದೂಕು, ಗಾಳಗಳೂ ಇದ್ದವು. ಅವು ಬೇಟೆಗಲ್ಲ. ಸುಮ್ಮನೆ ಊರೂರು ಅಲೆಯುವವನನ್ನು ಜನ ಅನುಮಾನದಿಂದ ನೋಡುತ್ತಾರೆ, ಬೇಟೆಗೆ ಹೊರಟವನನ್ನು ಯಾರೂ ಏಕೆಂದು ಕೇಳುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಗಡಿಯಲ್ಲಿ ಪೊಲೀಸರು ಲಾರಿಗಳನ್ನು ಹಿಂದಕ್ಕಟ್ಟಿದ್ದನ್ನು ಬಲ್ಲ ಮನುಷ್ಯನಲ್ಲವೇ.

ಓಲಾಟವನ್ನೂ ಅವರು ಕೆಲಸಕ್ಕೆ ಹಚ್ಚಿದರು. ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟಿಗೆ ಬಟ್ಟೆ, ಸೋಪು, ಬಿಸಿನೀರು ಹಾಕಿ, ಕ್ಯಾಂಪರ್ ಒಳಗೆ ರಬ್ಬರ್ ಹಗ್ಗದಿಂದ ನೇತುಹಾಕುವುದು. ದಿನವಿಡೀ ಗಾಡಿ ಕುಲುಕಿ ಕುಲುಕಿ ಸಂಜೆಗೆ ಬಟ್ಟೆ ಸ್ವಚ್ಛ!

ಪ್ರವಾಸದ ಕೊನೆಯ ಭಾಗದಲ್ಲಿ ನ್ಯೂ ಆರ್ಲಿಯನ್ಸ್ ಸಿಗುತ್ತದೆ. ಆರು ವರ್ಷದ ಕಪ್ಪು ಹುಡುಗಿ ರೂಬಿ ಬ್ರಿಜಸ್ ಬಿಳಿಯರ ಶಾಲೆಗೆ ಸೇರಿದ್ದಳು. ಅವಳನ್ನು ದಿನವೂ ಮಾರ್ಷಲ್‌ಗಳ ಕಾವಲಿನಲ್ಲಿ ಕರೆತರುವಾಗ ಬಿಳಿ ಹೆಂಗಸರ ಗುಂಪು ನಿಂತು ಹೊಲಸಾಗಿ ಕೂಗುತ್ತಿತ್ತು. ಸ್ಟೈನ್‌ಬೆಕ್ ರೋಸಿನಾಂಟೆಯನ್ನು ದೂರ ನಿಲ್ಲಿಸಿ ಟ್ಯಾಕ್ಸಿ ಹಿಡಿದು ಅಲ್ಲಿಗೆ ಹೋದರು. ನ್ಯೂಯಾರ್ಕ್ ನಂಬರ್ ಪ್ಲೇಟಿನ ಗಾಡಿ ಅಲ್ಲಿ ಕಣ್ಣಿಗೆ ಬೀಳುವಂಥದ್ದಾಗಿರಲಿಲ್ಲವೇ? 1962ರಲ್ಲಿ ಬಂದ ‘ಟ್ರಾವೆಲ್ಸ್ ವಿತ್ ಚಾರ್ಲಿ’ ಪುಸ್ತಕದ ಅತ್ಯಂತ ಕಹಿಯಾದ, ನಮ್ಮ ಮಟ್ಟಿಗೆ ಅತ್ಯಂತ ಒಳ್ಳೆಯ ಪುಟಗಳು ಅವು.

ಪುಸ್ತಕದ ಎಲ್ಲ ಪುಟಗಳನ್ನೂ ಹಾಗೇ ನಂಬುವಂತಿಲ್ಲ. ಐವತ್ತು ವರ್ಷದ ನಂತರ, 2010ರಲ್ಲಿ, ಬಿಲ್ ಸ್ಟೈಗರ್‌ವಾಲ್ಡ್ ಎಂಬ ಪತ್ರಕರ್ತ ಅದೇ ದಾರಿ ಹಿಡಿದು, ಹಸ್ತಪ್ರತಿ, ಪತ್ರಗಳನ್ನು ತಾಳೆ ನೋಡಿದರು. ಸ್ಟೈನ್‌ಬೆಕ್ ಕ್ಯಾಂಪರಿನಲ್ಲಿ ಮಲಗಿದ ರಾತ್ರಿಗಳು ಕಡಿಮೆ, ಹೋಟೆಲ್ ರಾತ್ರಿಗಳೇ ಹೆಚ್ಚು, ಹಲವು ದಿನ ಹೆಂಡತಿಯೂ ಜೊತೆಗಿದ್ದರು, ಕೆಲವು ಸಂಭಾಷಣೆಗಳು ಕಟ್ಟಿದಂಥವು ಎಂದು ಅವರು ತೋರಿಸಿದರು. ಬೇಕರಿ ವ್ಯಾನಿನ ಸ್ಟೈನ್‌ಬೆಕ್ ಮತ್ತು ರೋಸಿನಾಂಟೆಯ ಸ್ಟೈನ್‌ಬೆಕ್ ಇಬ್ಬರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಮಗೆ ಮೊದಲನೆಯವರೇ ಹೆಚ್ಚು ಇಷ್ಟವಾಗುತ್ತಾರೆ.

ಆದರೂ ಪುಸ್ತಕ ಬಿಸಿಯಾಗಿ ಖರ್ಚಾಯಿತು. 1960ರ ದಶಕದಲ್ಲಿ ಕ್ಯಾಂಪರ್‌ಗಳ ಸುಗ್ಗಿ. ಈಗ ಡೆಟ್ರಾಯಿಟ್‌ಗೂ ಎಚ್ಚರವಾಯಿತು. ಗಟ್ಟಿ ಸ್ಪ್ರಿಂಗ್, ದೊಡ್ಡ ಟೈರು ಹಾಕಿ ‘ಕ್ಯಾಂಪರ್ ಸ್ಪೆಷಲ್’ ಎಂಬ ಪಿಕಪ್‌ಗಳನ್ನು ಮಾರಿದರು. ಶೆವರ್ಲೆ 1968ರಲ್ಲಿ ‘ಲಾಂಗ್‌ಹಾರ್ನ್’ ತಂದಿತು. ಬಾಡಿ ಎಂಟೂವರೆ ಅಡಿ, ಮುಂದಿನ ಹಿಂದಿನ ಗಾಲಿಗಳ ನಡುವಿನ ದೂರ 133 ಇಂಚು. ಫೋರ್ಡ್ 1973ರಲ್ಲಿ ಹೊರತಂದ ‘ಸೂಪರ್ ಕ್ಯಾಂಪರ್ ಸ್ಪೆಷಲ್’ನಲ್ಲಿ ಆ ದೂರ 140 ಇಂಚು, ಹಿಂದಿನ ಆಕ್ಸೆಲನ್ನೇ ಹಿಂದಕ್ಕೆ ಸರಿಸಿದ್ದರು. ಏಕೆಂದು ಗಾಡಿ ಹೂಡಿದವರಿಗೆ ಆಗಲೇ ಹೊಳೆದಿರುತ್ತದೆ. ಭಾರವನ್ನು ಮುಂದಕ್ಕೆ ತರಲಾಗದಿದ್ದರೆ ಅಚ್ಚನ್ನೇ ಹಿಂದಕ್ಕೆ ಒಯ್ಯಿ! ಅದರ ಸ್ಟೆಪ್ನಿಯನ್ನು ಬಾಡಿಯ ಪಕ್ಕದ ಗೋಡೆಯೊಳಗೆ, ಬಾಗಿಲಿನ ಹಿಂದೆಯೇ ಒಂದು ಗೂಡು ಮಾಡಿ ಇಟ್ಟಿದ್ದರು. ಮೇಲೆ ಮನೆ ಕೂತಿರುವಾಗಲೂ ಕೈಗೆ ಸುಲಭವಾಗಿ ಸಿಗಲಿ ಎಂದು. ಮಳೆಯಲ್ಲಿ ಕೆಸರಾಗಿದ್ದ ಸ್ಟೈನ್‌ಬೆಕ್ ಇದನ್ನು ನೋಡಿದ್ದರೆ ನಿಟ್ಟುಸಿರು ಬಿಡುತ್ತಿದ್ದರೇನೋ. ಅವರು 1968ರಲ್ಲೇ ತೀರಿಕೊಂಡಿದ್ದರು.

ಮಾರಾಟ ಹೆಚ್ಚಿದರೂ ಮುಖ್ಯವಾದ ಒಂದು ಮಾಹಿತಿ ಕೊಳ್ಳುವವರ ಕೈಗೆ ಸಿಗುತ್ತಿರಲಿಲ್ಲ. ಪಿಕಪ್ ಮಾಡುವ ಕಂಪನಿ ಬೇರೆ, ಪೆಟ್ಟಿಗೆ ಮಾಡುವ ಕಂಪನಿ ಬೇರೆ. ಇವರಿಗೆ ಅವರ ಲೆಕ್ಕ ಬೇಕಿಲ್ಲ, ಅವರಿಗೆ ಇವರದ್ದು ಬೇಕಿಲ್ಲ. ಜಾಹೀರಾತಿನಲ್ಲಿ ಹಾಕುವುದು ಖಾಲಿ ಪೆಟ್ಟಿಗೆಯ ತೂಕ. ನೀರಿನ ಟ್ಯಾಂಕ್ ತುಂಬಿದರೆ ಲೀಟರಿಗೆ ಒಂದು ಕಿಲೋ, ಜೊತೆಗೆ ಗ್ಯಾಸ್ ಸಿಲಿಂಡರ್, ಫ್ರಿಜ್, ಅಕ್ಕಿ ಬೇಳೆ, ಮನೆಮಂದಿ. ಗ್ರಾಹಕ ಎರಡನ್ನೂ ನಂಬಿ ಕೂಡಿಸಿದ, ಟೈರು ಒಡೆದಾಗ ತಪ್ಪು ಅವನದ್ದೇ.

1965ರಲ್ಲಿ ರಾಲ್ಫ್ ನೇಡರ್ ಬರೆದ ‘ಅನ್‌ಸೇಫ್ ಅಟ್ ಎನಿ ಸ್ಪೀಡ್’ ಕಾರು ಕಂಪನಿಗಳ ಅಲಕ್ಷ್ಯವನ್ನು ಬಯಲಿಗೆಳೆಯಿತು. 1966ರಲ್ಲಿ ವಾಹನ ಸುರಕ್ಷತೆಯ ಕಾನೂನಾಯಿತು. ಅದರಡಿ ಬಂದ ಮಾನದಂಡಗಳ ಸಾಲಿನಲ್ಲಿ 126ನೇ ನಂಬರಿನದ್ದು ಟ್ರಕ್ ಕ್ಯಾಂಪರ್ ಭಾರಕ್ಕೇ ಮೀಸಲಾಯಿತು. 1970ರ ದಶಕದ ಆರಂಭದಲ್ಲಿ ಜಾರಿಗೆ ಬಂದ ಆ ನಿಯಮ ನಮಗೆ ಬಹಳ ಹಿಡಿಸಿತು, ಅದು ಇಂಥದ್ದೇ ಜಾಕ್ ಹಾಕು, ಇಂಥದ್ದೇ ಸ್ಪ್ರಿಂಗ್ ಹಾಕು ಎನ್ನುವುದಿಲ್ಲ. ಲೆಕ್ಕ ಹೇಳು ಎನ್ನುತ್ತದೆ. ಕ್ಯಾಂಪರ್ ಮೇಲೆ ಚೀಟಿ ಅಂಟಿಸಬೇಕು. ಅದರಲ್ಲಿ ಬರೆಯಬೇಕಾದದ್ದು ಖಾಲಿ ತೂಕವಲ್ಲ, ಇಷ್ಟು ಗ್ಯಾಲನ್ ನೀರು, ಇಷ್ಟು ಪೌಂಡ್ ಗ್ಯಾಸ್, ಇಷ್ಟು ಅಳತೆಯ ಫ್ರಿಜ್ ಅಥವಾ ಐಸ್ ಪೆಟ್ಟಿಗೆ ಎಲ್ಲ ಸೇರಿದ ತೂಕ. ಪಿಕಪ್ ಕಂಪನಿ ತನ್ನ ಗಾಡಿ ಎಷ್ಟು ಸರಕು ಹೊರಬಲ್ಲದು, ಭಾರದ ನಡುಬಿಂದು ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಎಂದು ಚಿತ್ರ ಸಮೇತ ತಿಳಿಸಬೇಕು. ಕ್ಯಾಂಪರ್ ಹೊರಲು ಈ ಗಾಡಿ ತಕ್ಕದ್ದಲ್ಲ ಎಂದಾದರೆ ಅದನ್ನೂ ಬಾಯಿಬಿಟ್ಟು ಹೇಳಬೇಕು. ತುಂಬಿದ ಮೇಲೆ ವೇಬ್ರಿಡ್ಜಿಗೆ ಹೋಗಿ ಮುಂದಿನ ಗಾಲಿ, ಹಿಂದಿನ ಗಾಲಿ ಬೇರೆ ಬೇರೆ ತೂಗಿಸಿ ಎಂಬ ಸಲಹೆಯೂ ಆ ಮಾಹಿತಿಯಲ್ಲಿ ಸೇರಿರಬೇಕು.

ಒಬ್ಬ ಪ್ರಯಾಣಿಕನ ತೂಕವನ್ನು ಆ ನಿಯಮ 150 ಪೌಂಡ್ ಎಂದು ಹಿಡಿಯುತ್ತದೆ. ಸ್ಟೈನ್‌ಬೆಕ್ ಓದದೆ ಹೊತ್ತ ಪುಸ್ತಕಗಳು ಸರಿಯಾಗಿ ಒಬ್ಬ ಮನುಷ್ಯನಷ್ಟು ತೂಗುತ್ತಿದ್ದವು!

1973ರ ಅಕ್ಟೋಬರ್‌ನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ತೈಲ ನಿಲ್ಲಿಸಿದವು. ಬಂಕ್‌ಗಳ ಮುಂದೆ ಸಾಲು ಬೆಳೆಯಿತು, ಮನೆ ಹೊತ್ತು ತಿರುಗುವ ಶೋಕಿ ಇಳಿಯಿತು, ಹಲವು ಸಣ್ಣ ಕಾರ್ಖಾನೆಗಳು ಮುಚ್ಚಿದವು. ನಿಯಮ ಬೇರೆ ಭಾಗಕ್ಕೆ ಸರಿದು ಇಂದಿಗೂ ಉಳಿದಿದೆ. ಖಾಲಿಯಾದ 126ನೇ ನಂಬರನ್ನು 2007ರಲ್ಲಿ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್‌ಗೆ ಕೊಟ್ಟರು. ಗಾಡಿ ಜಾರುವಾಗ ಕಂಪ್ಯೂಟರ್ ತಾನೇ ಒಂದೊಂದು ಗಾಲಿಯ ಬ್ರೇಕ್ ಹಿಡಿದು ನೆಟ್ಟಗೆ ಮಾಡುವ ವ್ಯವಸ್ಥೆ ಅದು. ಭಾರದ ಲೆಕ್ಕವಿದ್ದ ನಂಬರಿಗೆ ಈಗ ಅದರ ಹೆಸರು.

ಗಾಡಿ ಓಡುವಾಗ ಅಲುಗದಂತೆ ಮಾಡಲು ಹೀಗೆ ಜಾಕು, ಕೊಂಡಿ, ಚೀಟಿ, ಕಂಪ್ಯೂಟರ್ ಎಲ್ಲ ಬಂದವು. ನಿಲ್ಲಿಸುವ ಜಾಗದ ಮಾತು ಅಷ್ಟು ಸುಲಭದಲ್ಲಿ ಇತ್ಯರ್ಥವಾಗಲಿಲ್ಲ. ಗಡಿಗೆ ಪೊಲೀಸರನ್ನು ಕಳಿಸಿದ್ದ ಅದೇ ಲಾಸ್ ಏಂಜಲೀಸ್ ನಗರ 1983ರಲ್ಲಿ ಇನ್ನೊಂದು ನಿಯಮ ಮಾಡಿತು: ನಗರದ ಬೀದಿಯಲ್ಲಿ ವಾಹನವನ್ನು ಮನೆಯಾಗಿ ಬಳಸುವಂತಿಲ್ಲ. ಬಾಡಿಗೆ ಕಟ್ಟಲಾಗದೆ ವ್ಯಾನ್, ಕ್ಯಾಂಪರ್‌ಗಳಲ್ಲಿ ಮಲಗುತ್ತಿದ್ದವರ ಮೇಲೆ ಕೇಸು ಬಿದ್ದವು. ಅದೇ ಬಗೆಯ ಗಾಡಿಯಲ್ಲಿ ರಜೆಗೆ ಬಂದವರು ಪ್ರವಾಸಿಗರು, ಗತಿಯಿಲ್ಲದೆ ಮಲಗಿದವರು ಆರೋಪಿಗಳು. ವಾಹನದಲ್ಲಿ ಕಂಬಳಿ ಇದ್ದರೆ ಅದು ಮನೆಯೇ? ಊಟದ ಡಬ್ಬಿ ಇದ್ದರೆ? ನಿಯಮದಲ್ಲಿ ಸ್ಪಷ್ಟವಿರಲಿಲ್ಲ, ಪೊಲೀಸಿನವನಿಗೆ ತೋಚಿದ್ದೇ ಕಾನೂನು. ಈ ಅಸ್ಪಷ್ಟತೆಯ ಕಾರಣಕ್ಕೇ 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದು ಮಾಡಿತು. 2024ರಲ್ಲಿ ಗಾಳಿ ಮತ್ತೆ ತಿರುಗಿತು. ಆರೆಗನ್‌ನ ಗ್ರಾಂಟ್ಸ್ ಪಾಸ್ ಎಂಬ ಊರಿನ ಮೊಕದ್ದಮೆಯಲ್ಲಿ, ಸಾರ್ವಜನಿಕ ಜಾಗದಲ್ಲಿ ಮಲಗುವುದನ್ನು ಊರಾಡಳಿತಗಳು ಶಿಕ್ಷಿಸಬಹುದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಸ್ಟೈನ್‌ಬೆಕ್‌ರ ಟೈರು ಒಡೆದದ್ದು ಅದೇ ರಾಜ್ಯದಲ್ಲಿ.

ರೋಸಿನಾಂಟೆ ಈಗ ಓಡುವುದಿಲ್ಲ. ಸ್ಟೈನ್‌ಬೆಕ್ ಹುಟ್ಟಿದ ಕ್ಯಾಲಿಫೋರ್ನಿಯಾದ ಸಲೀನಾಸ್ ಊರಿನಲ್ಲಿ, ಅವರ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಕ್ಯಾಂಪರ್ ಸಮೇತ ನಿಂತಿದೆ. ಸಲೀನಾಸ್ ಕಣಿವೆ ಲೆಟ್ಯೂಸ್ ಎಂಬ ಸೊಪ್ಪಿಗೆ ಹೆಸರುವಾಸಿ. ಸೊಪ್ಪು ಕೊಯ್ಯುವ ಕೂಲಿಗಳು ಇಂದೂ ಹೊರಗಿನಿಂದ ಬಂದವರೇ, ಹೆಚ್ಚಿನವರು ಮೆಕ್ಸಿಕೊ ಕಡೆಯವರು. ಕೊಯ್ಲು ಮುಗಿದಂತೆ ಕೆಲವರು ಮುಂದಿನ ಕಣಿವೆಗೆ ಹೊರಡುತ್ತಾರೆ.